ಎರಡು ಎಕ್ಕ ಮತ್ತು ಚಾಳಿನ ನಲ್ಲಿ

ನನ್ನ ಕೈಯಲ್ಲಿ ಎರಡು ಎಕ್ಕ. ಒಂದು ಆಟೀನು, ಒಂದು ಕಳಾವರು. ಎದುರು ಕೂತಿದ್ದ ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಒಂದು ಏಳು, ಒಂದು ಆರು. ಸೋತವನು ನಾನು! ಮರುದಿನ ಬೆಳಿಗ್ಗೆ ನಮ್ಮ ಡೊಂಬಿವಿಲಿ ಸೊಸೈಟಿಯ ಲಿಫ್ಟಿನಲ್ಲಿ ಸಿಕ್ಕವರೆಲ್ಲ "ಕಾಯ್ ಅಣ್ಣಾ, ದೋನ್ ಎಕ್ಕೇ ಅಸೂನ್ ಹರಲಾತ್?" ಅಂತ ಕೇಳಿ ನಗುವಷ್ಟು ಸುದ್ದಿಯಾಯಿತು. (ಈ ಊರಿಗೆ ಬಂದು ನಲವತ್ತು ವರ್ಷವಾದರೂ ನಾನು ಇವರಿಗೆ 'ಅಣ್ಣಾ'ನೇ. ಇರಲಿ ಬಿಡಿ, ಅದು ಇನ್ನೊಂದು ದಿನದ ಹರಟೆ.)

ಇದು 2023ರ ದೀಪಾವಳಿಯ ಮಾತು. ಪಣ ಏನಿತ್ತು ಅಂತ ಗಾಬರಿಯಾಗಬೇಡಿ. ಹುಣಸೆ ಬೀಜ. ಊರಿಂದ ತಂದ ಹುಣಸೆಹಣ್ಣು ಬಿಡಿಸಿದ ಮೇಲೆ ನನ್ನಾಕೆ ಬೀಜಗಳನ್ನು ತೊಳೆದು ಒಣಗಿಸಿ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಡುತ್ತಾಳೆ, ಚೌಕಾಬಾರ ಆಡೋಕೆ ಅಂತ. ಒಬ್ಬೊಬ್ಬರಿಗೆ ನೂರು ಬೀಜ ಹಂಚಿದ್ದೆವು. ಆ ಒಂದು ಆಟದಲ್ಲಿ ನನ್ನ ಬೀಜವೆಲ್ಲ ಖಾಲಿ.

ಇಸ್ಪೀಟು ನನಗೆ ಹೊಸದಲ್ಲ. ಹೊನ್ನಾವರದ ಕಡೆ ನಮ್ಮಲ್ಲಿ ಮದುವೆಯ ಹಿಂದಿನ ರಾತ್ರಿ ಅಡುಗೆಯವರು ತರಕಾರಿ ಹೆಚ್ಚುತ್ತಿದ್ದರೆ ಜಗಲಿಯಲ್ಲಿ ಗಂಡಸರು ಇಪ್ಪತ್ತೆಂಟು ಆಡುತ್ತಿದ್ದರು. ಹತ್ತು ವರ್ಷದವನಿದ್ದಾಗಲೇ ಅದನ್ನು ಕಲಿತೆ. 1984ರಲ್ಲಿ ಮುಂಬಯಿಗೆ ಬಂದ ಮೇಲೆ ಲೋಕಲ್ ಟ್ರೇನಿನಲ್ಲಿ ನಾಲ್ಕು ಜನರ ತೊಡೆಯ ಮೇಲೆ ಒಂದು ಬ್ರೀಫ್‌ಕೇಸ್ ಇಟ್ಟು ಮೆಂಡಿಕೋಟ್. ದೀಪಾವಳಿಗೆ ತೀನ್ ಪತ್ತಿ. ಹೀಗಾಗಿ ಸೊಸೈಟಿಯ ಮಕ್ಕಳು "ಅಂಕಲ್, ಈ ಸಲ ಪೋಕರ್ ಆಡೋಣ, ಟೆಕ್ಸಸ್ ಹೋಲ್ಡೆಮ್" ಅಂದಾಗ ನಾನು, ಅದರಲ್ಲೇನು ಮಹಾ, ಅಂದುಕೊಂಡೇ ಕೂತೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡು ಎಲೆ. ಆಮೇಲೆ ಮೇಜಿನ ನಡುವೆ ಎಲ್ಲರಿಗೂ ಕಾಣುವ ಹಾಗೆ ಮೊದಲು ಮೂರು ಎಲೆ, ಅದಕ್ಕೆ ಫ್ಲಾಪ್ ಅನ್ನುತ್ತಾರೆ. ನಂತರ ಒಂದು, ಅದು ಟರ್ನ್. ಕೊನೆಗೆ ಇನ್ನೊಂದು, ಅದು ರಿವರ್. ಕೈಯಲ್ಲಿನ ಎರಡು, ಮೇಜಿನ ಐದು, ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಜೋಡಿಸಿಕೊಳ್ಳಬೇಕು. ಹಂತಹಂತಕ್ಕೂ ಪಣ ಏರಿಸಬಹುದು, ಇಲ್ಲವೆ ಎಲೆ ಎಸೆದು ಎದ್ದುಹೋಗಬಹುದು. ಟೆಕ್ಸಸ್‌ನ ರಾಬ್ಸ್‌ಟೌನ್ ಅನ್ನೋ ಸಣ್ಣ ಊರನ್ನು ಈ ಆಟದ ತವರು ಅಂತ ಅಲ್ಲಿನ ಶಾಸನಸಭೆಯೇ 2007ರಲ್ಲಿ ಗುರುತಿಸಿತು.

ಮೊದಲ ಪೆಟ್ಟು ಬಿದ್ದದ್ದು ತೀನ್ ಪತ್ತಿಯ ಅಭ್ಯಾಸದಿಂದ. ನಮ್ಮಲ್ಲಿ ಸೀಕ್ವೆನ್ಸ್ ದೊಡ್ಡದು, ಕಲರ್ ಅದಕ್ಕಿಂತ ಸಣ್ಣದು. ಪೋಕರಿನಲ್ಲಿ ತಲೆಕೆಳಗು. ಕಲರ್ ಅಂದರೆ ಅವರ ಫ್ಲಶ್, ಅದು ಸೀಕ್ವೆನ್ಸನ್ನು ಹೊಡೆಯುತ್ತದೆ. "ಇದ್ಯಾವ ನ್ಯಾಯ?" ಅಂತ ನಾನು ಜಗಳಕ್ಕೇ ಇಳಿದೆ. ಆ ಹುಡುಗಿ, ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುವವಳು, ಕ್ಯಾಲೆಂಡರಿನ ಹಿಂದುಗಡೆ ಲೆಕ್ಕ ಬರೆದು ತೋರಿಸಿದಳು. 52 ಎಲೆಯಲ್ಲಿ ಮೂರೆಲೆಯ ಕೈ ಒಟ್ಟು 22,100 ಥರ ಬರಬಹುದು. ಅದರಲ್ಲಿ ಸೀಕ್ವೆನ್ಸ್ 720, ಕಲರ್ 1,096. ಅಪರೂಪದ್ದು ದೊಡ್ಡದು, ಆದ್ದರಿಂದ ಸೀಕ್ವೆನ್ಸ್ ಮೇಲೆ. ಐದೆಲೆಗೆ ಹೋದರೆ ಒಟ್ಟು 25,98,960 ಕೈಗಳು. ಅಲ್ಲಿ ಫ್ಲಶ್ 5,108, ಸೀಕ್ವೆನ್ಸ್ 10,200. ಈಗ ಫ್ಲಶ್ಶೇ ಅಪರೂಪ! ನ್ಯಾಯ ಬದಲಾಗಿಲ್ಲ, ಎಲೆಯ ಸಂಖ್ಯೆ ಬದಲಾಗಿದೆ ಅಷ್ಟೆ. (ಅಂದ ಹಾಗೆ ತೀನ್ ಪತ್ತಿಯೂ ಪೂರ್ತಿ ಪ್ರಾಮಾಣಿಕ ಅಲ್ಲ ಅಂತ ಆವತ್ತೇ ಗೊತ್ತಾಯಿತು. ಮೂರೂ ಒಂದೇ ಥರದ ಎಲೆ 52 ಸಲ ಬರಬಹುದು, ಪ್ಯೂರ್ ಸೀಕ್ವೆನ್ಸ್ 48 ಸಲ ಮಾತ್ರ. ಆದರೂ ನಾವು ಮೊದಲನೆಯದನ್ನೇ ಎಲ್ಲಕ್ಕಿಂತ ಮೇಲೆ ಕೂರಿಸಿದ್ದೇವೆ. ನಲವತ್ತು ವರ್ಷ ಆಡಿದವನು ಒಂದು ದಿನವೂ ಎಣಿಸಿ ನೋಡಿರಲಿಲ್ಲ.)

ಇಷ್ಟು ಬಾಯಿಪಾಠ ಮಾಡಿಕೊಳ್ಳೋಕೆ ಐದು ನಿಮಿಷ ಸಾಕು. ಒಂದು ಜೋಡಿ, ಎರಡು ಜೋಡಿ, ಮೂರು ಒಂದೇ ಥರ, ಸೀಕ್ವೆನ್ಸ್, ಫ್ಲಶ್, ಫುಲ್ ಹೌಸ್, ನಾಲ್ಕು ಒಂದೇ ಥರ, ಅದರ ಮೇಲೆ ಸ್ಟ್ರೇಟ್ ಫ್ಲಶ್. ನನ್ನ ಮುಖ್ಯ ತಕರಾರು ಇರುವುದೇ ಇಲ್ಲಿ. ಈ ಪಟ್ಟಿ ಬಾಯಿಗೆ ಬಂದ ಕೂಡಲೇ ಆಟ ಬಂತು ಅಂತ ಅನ್ನಿಸಿಬಿಡುತ್ತದೆ. ಆದರೆ ಯಾವ ಕೈ ಯಾವುದಕ್ಕಿಂತ ದೊಡ್ಡದು ಅನ್ನುವುದು ಬೇರೆ, ನನ್ನ ಕೈಗೆ ಈಗ, ಈ ಮೇಜಿನಲ್ಲಿ, ಇವರ ಎದುರು ಎಷ್ಟು ಬಲ ಇದೆ ಅನ್ನುವುದು ಬೇರೆ. ಪಟ್ಟಿಯನ್ನು ಎಲ್ಲರೂ ಕಲಿಸುತ್ತಾರೆ. ಎರಡನೆಯದನ್ನು ದುಡ್ಡು ಕೊಟ್ಟೇ ಕಲಿಯಬೇಕು ಅನ್ನುವ ಹಾಗೆ ಈ ಆಟವನ್ನು ಮಾರಲಾಯಿತು.

ಬಲ ಎಲೆಯ ಮೈಮೇಲೆ ಬರೆದಿರುವುದಿಲ್ಲ. ಇದು ನಮಗೆ ಗೊತ್ತಿರಬೇಕಿತ್ತು. ಇಪ್ಪತ್ತೆಂಟರಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಅವನ ಹಿಂದೆ ಒಂಬತ್ತು, ಎಕ್ಕ ಬರುವುದು ಮೂರನೆಯ ಜಾಗದಲ್ಲಿ. ರಾಜ ರಾಣಿಯರಿಗೆ ಒಂದು ಅಂಕವೂ ಇಲ್ಲ! ಹಾಗೆ ಆಡಿ ಬೆಳೆದವನು ಮುಂಬಯಿಗೆ ಬಂದು ಎಕ್ಕ ಕಂಡ ಕೂಡಲೇ ಮೈಮರೆತದ್ದು ಯಾಕೆ ಅಂತ ನನಗೇ ತಿಳಿಯುವುದಿಲ್ಲ.

ಆ ಎರಡು ಎಕ್ಕದ ಕಥೆಗೇ ಬರೋಣ. ಎರಡೆಲೆಯ ಕೈ ಒಟ್ಟು 1,326 ಥರ ಬರಬಹುದು. ಅದರಲ್ಲಿ ಎಕ್ಕದ ಜೋಡಿ ಆರೇ ಆರು, ಅಂದರೆ 221 ಸಲಕ್ಕೊಮ್ಮೆ. ಅದಕ್ಕಿಂತ ಒಳ್ಳೆಯ ಆರಂಭ ಈ ಆಟದಲ್ಲಿ ಇಲ್ಲವೇ ಇಲ್ಲ. ಎದುರಿಗೆ ಒಬ್ಬನೇ ಇದ್ದು ಅವನ ಕೈಯಲ್ಲಿ ಏನೋ ಒಂದು ಇದ್ದರೆ, ಕೊನೆಯವರೆಗೂ ಆಡಿದಾಗ ನೂರರಲ್ಲಿ 85 ಸಲ ಎಕ್ಕಗಳೇ ಗೆಲ್ಲುತ್ತವೆ. ನಾನು ಏನು ಮಾಡಿದೆ? ಪಣ ಏರಿಸಿದರೆ ಎಲ್ಲರೂ ಎದ್ದುಹೋಗುತ್ತಾರೆ, ಆಗ ಬೀಜ ಸಿಗುವುದಿಲ್ಲ ಅಂತ ಗಂಭೀರವಾಗಿ ಸುಮ್ಮನೆ ಕೂತೆ. ಐದೂ ಜನ ಒಳಗೆ ಬಂದರು. ಐದು ಜನ ಕೊನೆಯವರೆಗೂ ಎದುರಿದ್ದರೆ ಅದೇ ಎಕ್ಕಗಳು ಗೆಲ್ಲುವುದು ನೂರಕ್ಕೆ 49 ಸಲ ಮಾತ್ರ. ಎಂಟು ಜನ ಇದ್ದರೆ 35. ಎಲೆ ಅದೇ, ಕೂತವನು ಅವನೇ, ಬಾಗಿಲು ತೆರೆದಿಟ್ಟದ್ದಕ್ಕೆ ಬಲ ಅರ್ಧಕ್ಕಿಂತ ಕೆಳಗಿಳಿಯಿತು. ಒಬ್ಬೊಬ್ಬರ ಹತ್ತಿರವೂ ನನ್ನನ್ನು ಸೋಲಿಸುವ ಸಾಧ್ಯತೆ ಸಣ್ಣದೇ. ಆದರೆ ಐದು ಸಣ್ಣದು ಸೇರಿದರೆ ಸಣ್ಣದಾಗಿ ಉಳಿಯುವುದಿಲ್ಲವಲ್ಲ.

ಫ್ಲಾಪ್ ಬಂತು. ಇಸ್ಪೀಟು ಒಂಬತ್ತು, ಇಸ್ಪೀಟು ಎಂಟು, ಆಟೀನು ನಾಲ್ಕು. ನಾನು ಇಪ್ಪತ್ತು ಬೀಜ ಹಾಕಿದೆ. ನಾಲ್ವರು ಎಲೆ ಎಸೆದರು, ಹುಡುಗಿ ಮಾತ್ರ ಉಳಿದಳು. ಅವಳ ಕೈಯಲ್ಲಿದ್ದದ್ದು ಇಸ್ಪೀಟು ಏಳು, ಇಸ್ಪೀಟು ಆರು. ಆ ಕ್ಷಣಕ್ಕೆ ಅವಳ ಹತ್ತಿರ ಒಂದು ಜೋಡಿಯೂ ಇರಲಿಲ್ಲ, ಪಟ್ಟಿಯ ಪ್ರಕಾರ ಅವಳದು ಏನೂ ಇಲ್ಲದ ಕೈ. ಆದರೆ ಎಣಿಸಿ ನೋಡಿ. ಇನ್ನೊಂದು ಇಸ್ಪೀಟು ಬಂದರೆ ಫ್ಲಶ್, ಉಳಿದ ಇಸ್ಪೀಟುಗಳು ಒಂಬತ್ತು. ಹತ್ತು ಅಥವಾ ಐದು ಬಂದರೆ ಸೀಕ್ವೆನ್ಸ್, ಆಗಲೇ ಲೆಕ್ಕಕ್ಕೆ ಬಂದ ಇಸ್ಪೀಟು ಬಿಟ್ಟು ಅಂಥವು ಆರು. ಒಟ್ಟು ಹದಿನೈದು ಎಲೆ ಅವಳಿಗಾಗಿ ಕಾದಿದ್ದವು, ಬರುವುದಕ್ಕೆ ಎರಡು ಅವಕಾಶ ಇತ್ತು. ಇಬ್ಬರ ಎಲೆಯನ್ನೂ ತೆರೆದಿಟ್ಟು ಲೆಕ್ಕ ಹಾಕಿದರೆ ಅಲ್ಲಿಂದ ಮುಂದೆ ಅವಳು ಗೆಲ್ಲುವುದು ನೂರಕ್ಕೆ ಐವತ್ತೈದರ ಹತ್ತಿರ. ಆಟದ ಅತ್ಯುತ್ತಮ ಜೋಡಿ ಹಿಡಿದು ಕೂತ ನಾನು ಆಗಲೇ ಹಿಂದೆ ಬಿದ್ದಿದ್ದೆ, ಮುಖದ ಮೇಲೆ ಗೆದ್ದವನ ನಗು ಬೇರೆ.

ಟರ್ನಿನಲ್ಲಿ ಡೈಮನ್ ರಾಜ ಬಂತು. ಅವಳಿಗೆ ಕೆಲಸಕ್ಕೆ ಬಾರದ ಎಲೆ. ಈಗ ಅವಳಿಗೆ ಉಳಿದದ್ದು ಒಂದೇ ಅವಕಾಶ, ಬಲ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಮತ್ತೆ ನಾನು ಮುಂದೆ! ಕೊನೆಗೆ ಆಟೀನು ಹತ್ತು ಬಂತು. ಆರು, ಏಳು, ಎಂಟು, ಒಂಬತ್ತು, ಹತ್ತು. ಮುಗಿಯಿತು. ಎರಡು ನಿಮಿಷದಲ್ಲಿ ನಾನು ಮುಂದೆ, ಹಿಂದೆ, ಮುಂದೆ, ಹಿಂದೆ. ಅಷ್ಟೂ ಹೊತ್ತು ನನ್ನ ಕೈಯಲ್ಲಿದ್ದ ಎಲೆ ಒಂದಿಷ್ಟೂ ಬದಲಾಗಿರಲಿಲ್ಲ ನೋಡಿ. ಸೋತದ್ದಕ್ಕೆ ನನಗೆ ಬೇಸರವಿಲ್ಲ, ಅದು ಆಗುವಂಥದ್ದೇ. ಬೇಸರ ಏನೆಂದರೆ ಆ ಹತ್ತು ಬಿದ್ದ ಮೇಲೂ, ಅವಳು ಪಣ ಹಾಕಿದ ಮೇಲೂ, "ಎರಡು ಎಕ್ಕ ಇಟ್ಟುಕೊಂಡು ಬಿಡೋದು ಹೇಗೆ" ಅಂತ ಉಳಿದ ಬೀಜವನ್ನೆಲ್ಲ ಸುರಿದೆ. ಇಷ್ಟು ಹೊತ್ತು ಇವಳು ಯಾಕೆ ಎದ್ದುಹೋಗಲಿಲ್ಲ ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ. ಯಕ್ಷಗಾನದಲ್ಲಿ ಎದುರು ವೇಷವನ್ನು ನೋಡದೆ ತನ್ನ ಪಾಡಿಗೆ ಕುಣಿಯುವ ವೇಷಧಾರಿ ಇರುತ್ತಾನಲ್ಲ, ಹಾಗೆ.

ಆವತ್ತು ಅವಳು ಹೇಳಿಕೊಟ್ಟ ಒಂದು ಬೆರಳೆಣಿಕೆ ಇದೆ. ನಿಮಗೆ ಬೇಕಾದ ಎಲೆ ಎಷ್ಟು ಉಳಿದಿವೆ ಎಣಿಸಿ. ಇನ್ನು ಒಂದೇ ಎಲೆ ಬರುವುದಿದ್ದರೆ ಎರಡರಿಂದ ಗುಣಿಸಿ, ಎರಡು ಬರುವುದಿದ್ದರೆ ನಾಲ್ಕರಿಂದ. ಬಂದದ್ದು ಹೆಚ್ಚುಕಡಿಮೆ ನೂರಕ್ಕೆ ಇಷ್ಟು ಅಂತ. ಬರೀ ಫ್ಲಶ್‌ಗೆ ಕಾಯುವವನಿಗೆ ಒಂಬತ್ತು ಎಲೆ, ಲೆಕ್ಕದಲ್ಲಿ 36, ನಿಜ 35. ಎಲೆ ಜಾಸ್ತಿ ಆದಾಗ ಈ ಲೆಕ್ಕ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಆದರೂ ಎಕ್ಕದ ಮುಖ ನೋಡಿ ಸಂತೋಷಪಡುವುದಕ್ಕಿಂತ ಎಷ್ಟೋ ವಾಸಿ.

ಇನ್ನು ಮೇಜಿನ ಮೇಲಿನ ಎಲೆಗಳ ವಿಷಯ. ನಾನು ಮುಂಬಯಿಗೆ ಬಂದ ಹೊಸತರಲ್ಲಿ ಆರು ವರ್ಷ ಚಾಳಿನಲ್ಲಿದ್ದೆ. ಇಡೀ ಮಾಳಿಗೆಗೆ ಒಂದೇ ನಲ್ಲಿ. ನೀರು ಬಂತು ಅಂತ ನಾನು ಖುಷಿಯಾಗಿ ಬಕೆಟ್ ಹಿಡಿದು ಓಡಿದರೆ ಅಲ್ಲಿ ಆಗಲೇ ಹನ್ನೆರಡು ಬಕೆಟ್ ಸಾಲಾಗಿ ಕೂತಿರುತ್ತಿದ್ದವು. ನನಗೆ ಬಂದ ನೀರು ಎಲ್ಲರಿಗೂ ಬಂದಿದೆ! ಮೇಜಿನ ಐದು ಎಲೆ ಆ ನಲ್ಲಿ. ಕೈಯಲ್ಲಿ ಎಕ್ಕ ಮತ್ತು ರಾಣಿ ಇದೆ, ಮೇಜಿನಲ್ಲಿ ರಾಣಿ, ಒಂಬತ್ತು, ಒಂಬತ್ತು ಬಿತ್ತು ಅಂದುಕೊಳ್ಳಿ. ಹೊಸಬ "ನನ್ನ ಹತ್ತಿರ ಎರಡು ಜೋಡಿ" ಅಂತ ಹಿಗ್ಗುತ್ತಾನೆ. ಒಂಬತ್ತರ ಜೋಡಿ ಎಲ್ಲರದ್ದೂ ಮಾರಾಯರೆ! ನಿಮ್ಮ ಸ್ವಂತದ್ದು ರಾಣಿಯ ಜೋಡಿ ಒಂದೇ. ಮೇಜಿನಲ್ಲಿ ನಾಲ್ಕು ಇಸ್ಪೀಟು ಬಿದ್ದಿದ್ದರೆ ನಿಮ್ಮ ಸೀಕ್ವೆನ್ಸನ್ನು ಒಂದು ಬಡ ಇಸ್ಪೀಟು ಎರಡು ಕೂಡ ಮಣ್ಣು ಮುಕ್ಕಿಸುತ್ತದೆ. ಏಳೆಲೆ ಸೇರಿದಾಗ ಒಂದು ಜೋಡಿಯೋ ಎರಡು ಜೋಡಿಯೋ ಆಗಿ ನಿಲ್ಲುವ ಕೈಗಳೇ ಮೂರರಲ್ಲಿ ಎರಡು ಪಾಲು. ನಿಮಗೆ ಜೋಡಿ ಬಂದಿದೆ ಅನ್ನುವುದು ಸುದ್ದಿಯೇ ಅಲ್ಲ.

ಈಗ ನಾನು ಇದನ್ನೆಲ್ಲ ಬರೆಯೋಕೆ ಕೂತ ಕಾರಣ ಹೇಳುತ್ತೇನೆ. ಬೆಂಗಳೂರಿನಲ್ಲಿ ನನ್ನ ತಂಗಿಯ ಮಗ ಇದ್ದಾನೆ. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತು ಕೆಲಸ, ಸಂಜೆ ಮೊಬೈಲಿನಲ್ಲಿ ಪೋಕರ್. ಒಂದು ವರ್ಷದಲ್ಲಿ ಮೂರು ಲಕ್ಷಕ್ಕೂ ಮೇಲೆ ಹೋಯಿತು. ಸಾಲ ತೀರಿಸೋಕೆ ತಂಗಿಯ ಬಳೆ ಹೋಯಿತು. ನನಗೆ ಗೊತ್ತಾದದ್ದು 2021ರಲ್ಲಿ. ಫೋನಿನಲ್ಲಿ ಅವನು ಅಳುತ್ತಾ "ಮಾವ, ಒಳ್ಳೊಳ್ಳೆ ಎಲೆ ಇದ್ದೂ ಸೋಲ್ತಿದ್ದೆ, ನನ್ನ ನಸೀಬೇ ಸರಿ ಇಲ್ಲ" ಅಂದ. ನಾನು ಏನು ಹೇಳಿದೆ ಗೊತ್ತೆ? "ಗ್ರಹಚಾರ ಕಣೋ, ಬಿಟ್ಟುಬಿಡು" ಅಂದೆ. ಹಿರಿಯನಾಗಿ ನಾನು ಕೊಟ್ಟ ಬುದ್ಧಿ ಅದು.

ಆ ದೀಪಾವಳಿ ಕಳೆದ ಮೇಲೆ ನಿದ್ದೆ ಬರಲಿಲ್ಲ. ಅವನು ಸೋತ ಆಟಗಳ ಫೋಟೋ ಇಟ್ಟುಕೊಂಡಿದ್ದ, ಅವನ್ನು ಕಳಿಸು ಅಂದೆ. ಅರವತ್ತರ ಹತ್ತಿರ ಇದ್ದವು. ಹುಡುಗಿಯನ್ನು ಕೂರಿಸಿಕೊಂಡು ಒಂದು ಭಾನುವಾರ ಪೂರ್ತಿ ನೋಡಿದೆ. ಅರ್ಧಕ್ಕರ್ಧ ಎಕ್ಕದ ಜೊತೆ ಒಂದು ಸಣ್ಣ ಎಲೆ. ಎಕ್ಕ ನಾಲ್ಕು, ಎಕ್ಕ ಏಳು. ಮೇಜಿನಲ್ಲಿ ಇನ್ನೊಂದು ಎಕ್ಕ ಬೀಳುತ್ತದೆ, ಇವನಿಗೆ ಜೋಡಿ ಆಗುತ್ತದೆ, ದುಡ್ಡು ಸುರಿಯುತ್ತಾನೆ, ಎದುರಿನವನು ಎಕ್ಕ ರಾಜ ತೋರಿಸುತ್ತಾನೆ. ಜೋಡಿ ಸಮ ಆದಾಗ ತೀರ್ಮಾನ ಮಾಡುವುದು ಪಕ್ಕದ ಎಲೆ, ಅದಕ್ಕೆ ಕಿಕ್ಕರ್ ಅನ್ನುತ್ತಾರೆ. ಎಕ್ಕ ರಾಜನ ಎದುರು ಎಕ್ಕ ಏಳು ನಿಂತರೆ ಸುಮಾರು ಮುಕ್ಕಾಲು ಪಾಲು ರಾಜನದ್ದೇ. ಇನ್ನು ಕೆಲವು ಚಾಳಿನ ನಲ್ಲಿಯವು, ಮೇಜಿನ ಜೋಡಿಯನ್ನು ತನ್ನದೆಂದುಕೊಂಡವು. ನಿಜವಾಗಿ ನಸೀಬು ಕೆಟ್ಟದ್ದು ಹತ್ತೋ ಹನ್ನೆರಡೋ. ಆ ಹುಡುಗಿ ಇನ್ನೊಂದು ಮಾತು ಹೇಳಿದಳು. ಅವನು ಫೋಟೋ ತೆಗೆದದ್ದು ಒಳ್ಳೆ ಎಲೆ ಇದ್ದು ಸೋತಾಗ ಮಾತ್ರ. ಕೆಟ್ಟ ಎಲೆ ಹಿಡಿದು ಕೊನೆಯ ಎಲೆಯಲ್ಲಿ ಗೆದ್ದದ್ದರ ಫೋಟೋ ಒಂದೂ ಇಲ್ಲ. ಯಾರು ತೆಗೆಯುತ್ತಾರೆ ಹೇಳಿ?

ಹೀಗೆ ಗೆದ್ದದ್ದು ಎಷ್ಟು ಮೋಸ ಮಾಡುತ್ತದೆ ಅನ್ನೋದಕ್ಕೆ ದೊಡ್ಡವರ ಉದಾಹರಣೆಯೇ ಇದೆ. ಡಾಯ್ಲ್ ಬ್ರನ್ಸನ್ ಅಂತ ಅಮೆರಿಕದ ಹೆಸರಾಂತ ಆಟಗಾರ, 2023ರಲ್ಲಿ ತೀರಿಕೊಂಡ. ಪೋಕರಿನ ವಿಶ್ವ ಸರಣಿಯ ಮುಖ್ಯ ಪಂದ್ಯವನ್ನು 1976ರಲ್ಲೂ 1977ರಲ್ಲೂ ಗೆದ್ದ. ಎರಡೂ ಸಲ ಕೊನೆಯ ಆಟದಲ್ಲಿ ಅವನ ಕೈಯಲ್ಲಿದ್ದದ್ದು ಹತ್ತು ಮತ್ತು ಎರಡು! ಎರಡೂ ಸಲ ಫುಲ್ ಹೌಸ್ ಆಯಿತು. ಹತ್ತು-ಎರಡಕ್ಕೆ ಅವನ ಹೆಸರೇ ನಿಂತಿತು, ಆ ಎಲೆಯನ್ನು ಅಭಿಮಾನದಿಂದ ಆಡುವವರಿದ್ದಾರೆ. ಕಥೆಗೆ ಚೆಂದ. ಆದರೆ ಅದು ದುರ್ಬಲ ಕೈಯೇ. ಅವನ ಜಾಣತನ ಆ ಎರಡು ಎಲೆಯಲ್ಲಿ ಇರಲಿಲ್ಲ, ಅಲ್ಲಿಗೆ ಬಂದು ತಲುಪುವವರೆಗೆ ಎಸೆದ ಸಾವಿರಾರು ಎಲೆಯಲ್ಲಿತ್ತು ಅಂತ ನನಗನ್ನಿಸುತ್ತದೆ.

ಇದು ಕೌಶಲದ ಆಟವೋ ಜೂಜೋ ಅನ್ನುವ ವಾದ ನಮ್ಮಲ್ಲಿ ಕೋರ್ಟಿನಲ್ಲೂ ನಡೆದಿದೆ. ಕೌಶಲದ ಆಟವಾಗಿ ಆಡುವುದಾದರೆ ಪೋಕರಿಗೆ ಪರವಾನಗಿ ಬೇಕಿಲ್ಲ ಎಂಬರ್ಥದಲ್ಲಿ ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿತು. 2017ರಲ್ಲಿ ಗುಜರಾತ್ ಹೈಕೋರ್ಟು ಇದು ಜೂಜೇ ಅಂದಿತು. 2025ರ ಆಗಸ್ಟಿನಲ್ಲಿ ಸಂಸತ್ತು ಆ ವಾದವನ್ನೇ ಬದಿಗಿಟ್ಟು, ಕೌಶಲವಿರಲಿ ಅದೃಷ್ಟವಿರಲಿ, ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ತಂದಿತು. ಕಾನೂನಿನ ಒಳಿತು ಕೆಡುಕು ವಕೀಲರು ನೋಡಿಕೊಳ್ಳಲಿ.

ನನ್ನ ಅಭಿಪ್ರಾಯ ಕೇಳಿದರೆ, ಆಟದಲ್ಲಿ ಕೌಶಲ ಇದೆ. ಮೇಲೆ ಹೇಳಿದ ಲೆಕ್ಕವೆಲ್ಲ ಮತ್ತೇನು? ಆದರೆ ಆಟದಲ್ಲಿ ಕೌಶಲ ಇದೆ ಅಂದ ಮಾತ್ರಕ್ಕೆ ಅದು ನನ್ನಲ್ಲಿ ಇದೆ ಅಂತ ಆಗಲಿಲ್ಲವಲ್ಲ. ಇದೇ ಜಾಗದಲ್ಲಿ ನನ್ನ ತಂಗಿಯ ಮಗನಂಥವರು ಜಾರಿದ್ದು. ಜಾಹೀರಾತಿನಲ್ಲಿ 'ಕೌಶಲದ ಆಟ' ಅಂತ ಓದಿದರು, ಪಟ್ಟಿ ಬಾಯಿಪಾಠ ಮಾಡಿದರು, ಗೆದ್ದಾಗ ಕೌಶಲ, ಸೋತಾಗ ನಸೀಬು ಅಂದುಕೊಂಡರು. ಅದರ ಮೇಲೆ ಪ್ರತಿ ಆಟದ ಪಣದಿಂದಲೂ ಆಡಿಸುವವನು ತನ್ನ ಪಾಲು ಕತ್ತರಿಸಿಕೊಳ್ಳುತ್ತಾನೆ. ಸಮಬಲದ ಆರು ಜನ ವರ್ಷಗಟ್ಟಲೆ ಆಡಿದರೆ ಆರೂ ಜನ ಸೋತಿರುತ್ತಾರೆ. ಪಕ್ಕದವರಿಗಿಂತ ಸ್ವಲ್ಪ ಚೆನ್ನಾಗಿ ಆಡುವುದೂ ಸಾಲದು, ಆ ಪಾಲನ್ನು ದಾಟುವಷ್ಟು ಚೆನ್ನಾಗಿ ಆಡಬೇಕು. ಈ ಮಾತನ್ನು ಅವನಿಗೆ 2020ರಲ್ಲೇ ಯಾರಾದರೂ ಹೇಳಬೇಕಿತ್ತು. ಗ್ರಹಚಾರ ಅಂದವನು ನಾನು.

ಬಿಟ್ಟುಬಿಡಿ ಇಸ್ಪೀಟೇ ಬೇಡ ಅನ್ನುವವರ ಜೊತೆಗೂ ನನಗೆ ಸಮ್ಮತಿಯಿಲ್ಲ. ಇಷ್ಟು ಚೆಂದದ ಲೆಕ್ಕ ಇನ್ನೆಲ್ಲಿ ಸಿಗುತ್ತದೆ? ಶಾಲೆಯಲ್ಲಿ ಸಂಭವನೀಯತೆ ಅಂತ ಒಂದು ಪಾಠ ಇತ್ತು, ಮೇಷ್ಟ್ರು ಕೆಂಪು ಚೆಂಡು ನೀಲಿ ಚೆಂಡು ಅಂತ ಏನೋ ಹೇಳಿ ಮುಗಿಸಿದರು, ನನ್ನ ತಲೆಗೆ ಹೋಗಲಿಲ್ಲ. ಅರವತ್ತು ದಾಟಿದ ಮೇಲೆ ಹುಣಸೆ ಬೀಜದಲ್ಲಿ ಅರ್ಥವಾಯಿತು :-)

ಕಳೆದ ದೀಪಾವಳಿಗೆ ತಂಗಿ, ಮಗ ಇಬ್ಬರೂ ಬಂದಿದ್ದರು. ಅವನು ಆಡಲು ಕೂರಲಿಲ್ಲ. ಎಷ್ಟು ಕರೆದರೂ "ಬೇಡ ಮಾವ, ಬೀಜಕ್ಕೂ ಬೇಡ" ಅಂತ ನನ್ನ ಹಿಂದೆ ದಿವಾನದ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದ. ನಾನೂ ಒತ್ತಾಯಿಸಲಿಲ್ಲ. ಒಂದು ಆಟದಲ್ಲಿ ನನಗೆ ಎಕ್ಕ ಮತ್ತು ಗುಲಾಮ ಬಂತು. ಮೇಜಿನಲ್ಲಿ ಗುಲಾಮ, ಆರು, ಆರು. ನಾನು ನಲವತ್ತು ಬೀಜ ಎಣಿಸಿ ಮುಂದೆ ತಳ್ಳಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ಚಕ್ಕುಲಿ ಕಡಿಯುವ ಸದ್ದು ನಿಂತಿತು. ತಿರುಗಿ ನೋಡಿದೆ. ಅವನು ಏನೂ ಹೇಳಲಿಲ್ಲ, ಮೇಜಿನ ಕಡೆ ನೋಡುತ್ತಿದ್ದ. ನಾನು ಇಪ್ಪತ್ತು ಬೀಜ ವಾಪಸ್ ತೆಗೆದುಕೊಂಡೆ.